ಹುಣಸಿಗುಂಟಾದ ನೆರೆ ತಾಲೀಮು

ಗೊಲ್ಲಾಳಪ್ಪನಿಗೆ ನೀರೆಂದರೆ ಭಯ ಎಂದು ಜನ ಹೇಳುವುದು ಪೂರ್ತಿ ನಿಜವಲ್ಲ. ತಂಬಿಗೆಯಲ್ಲಿದ್ದ ನೀರಿಗೆ ಅವನು ಎಂದೂ ಹೆದರಿದವನಲ್ಲ. ಕೊಡದ ನೀರಿಗೂ ಹೆದರುತ್ತಿರಲಿಲ್ಲ. ಹೊಳೆಯಲ್ಲಿ ಹರಿಯುವ ನೀರಿನ ಬಗ್ಗೆ ಮಾತ್ರ ಅವನಿಗೆ ಕೆಲವು ಅನುಮಾನಗಳಿದ್ದವು. ಮೊಣಕಾಲಿನ ತನಕ ಇಳಿಯುತ್ತಿದ್ದ, ಅನುಮಾನ ಬಲವಾಗುತ್ತಿತ್ತು, ಮೇಲೆ ಬಂದುಬಿಡುತ್ತಿದ್ದ. ಇಂಥವನಿಗೆ ಸರಕಾರ ಹುಡುಕಿ ಕೊಟ್ಟ ಕೆಲಸವೆಂದರೆ ಕಾಗಿಣಾ ನದಿಯ ದಂಡೆಯ ಹುಣಸಿಗುಂಟಾದಲ್ಲಿ, ನೆರೆ ಕಾವಲು ಕಚೇರಿಯ ಗುಮಾಸ್ತಗಿರಿ.

ಕರ್ನಾಟಕಕ್ಕೆ ಇನ್ನೂ ಮೈಸೂರು ರಾಜ್ಯವೆಂದೇ ಹೆಸರಿದ್ದ ಕಾಲ ಅದು. ನೆರೆ ಬರುವ ಮೊದಲೇ ಜನರನ್ನು ಎಚ್ಚರಿಸಬೇಕೆಂಬ ದೂರದೃಷ್ಟಿಯಿಂದ ಈ ಕಚೇರಿ ಹುಟ್ಟಿತ್ತು. ಅದರ ಮುಖ್ಯಸ್ಥ ರೇವಣಸಿದ್ದಯ್ಯ ಸಾಹೇಬರು ಊರೆಲ್ಲ ತಿರುಗಿ, ಹೊಳೆಗೆ ತೀರ ಹತ್ತಿರದ, ಎಲ್ಲಕ್ಕಿಂತ ತಗ್ಗಾದ ಜಾಗವನ್ನೇ ಕಚೇರಿಗೆ ಆರಿಸಿದ್ದರು. ಮುಂದೆ ಹೊಳೆ, ಹಿಂದೆ ಒಂದು ಹಳ್ಳ, ಹಳ್ಳದಾಚೆ ದಿಬ್ಬದ ಮೇಲೆ ಊರು.

"ಸಾಹೇಬ್ರ, ಇಲ್ಲಿ ನೀರು ಬರ್ತದರಿ" ಎಂದು ಊರವರು ಹೇಳಿದರು.

"ಬರ್ಲಿಕ್ಕೇ ಬೇಕಲ್ಲ!" ಎಂದರು ಸಾಹೇಬರು. "ನೆರಿ ಕಾಯೋ ಕಚೇರಿ ಹೊಳಿ ದಂಡಿಗಿ ಇರಲಾರ್ದ ಗುಡ್ಡದ ಮ್ಯಾಲ ಇರ್ತದೇನ್ರೀ?"

ಊರವರು ಕೈಮುಗಿದು ದಿಬ್ಬ ಹತ್ತಿ ಮನೆಗೆ ಹೋದರು.

ಗೊಲ್ಲಾಳಪ್ಪನ ಕಷ್ಟ ಶುರುವಾದದ್ದು ಊಟದ ಹೊತ್ತಿನಲ್ಲಿ. ಅವನ ಷಡ್ಡಕ, ಎಂದರೆ ಹೆಂಡತಿ ಸಾಬಮ್ಮನ ಅಕ್ಕನ ಗಂಡ ಚಂದ್ರಾಮಪ್ಪ, ವಾಡಿ ಸ್ಟೇಶನ್ನಿನಲ್ಲಿ ರೈಲಿಗೆ ಝಂಡಾ ತೋರಿಸುವ ಕೆಲಸದಲ್ಲಿದ್ದ. ಬಂದಾಗಲೆಲ್ಲ ರೊಟ್ಟಿಗಿಂತ ಹೆಚ್ಚಾಗಿ ಈ ಝಂಡಾದ ಸುದ್ದಿಯನ್ನೇ ಬಡಿಸುತ್ತಿದ್ದ.

"ನಾ ಕೆಂಪು ಝಂಡಾ ಹಿಡದ್ನೆಂದ್ರ ಮುಗೀತು ನೋಡು. ಮದ್ರಾಸ್ ಮೇಲ್ ಇರ್ಲಿ, ಮಂತ್ರಿ ಸವಾರಿ ಇರ್ಲಿ, ಗಪ್ಪಂತ ನಿಂತು ನನ್ನ ಮಾರಿ ನೋಡ್ತದ. ನೀ ಏನು ನಿಲ್ಲಸ್ತೀಪಾ ಗೊಲ್ಲಾಳಪ್ಪ?"

ಸಾಬಮ್ಮ ನಕ್ಕಳು. ಗೊಲ್ಲಾಳಪ್ಪ ಪುಂಡಿಪಲ್ಯದ ದೊಡ್ಡ ತುತ್ತೊಂದನ್ನು ಬಾಯಿಗಿಟ್ಟುಕೊಂಡ. ಅದನ್ನು ನುಂಗಿದ ಮೇಲೆ ಅವನ ಬಾಯಿಂದ ಬಂದ ಮಾತಿಗೆ ಅವನೇ ಆಶ್ಚರ್ಯಪಟ್ಟ.

"ನಾ ನಿಲ್ಸಂಗಿಲ್ಲಣ್ಣ, ದಾಟ್ತೀನಿ. ಹಿಂದ ಸನ್ನತಿಗಿ ಹೋದಾಗ ಭೀಮಾ ಹೊಳಿ ತುಂಬಿ ಬಂದಿತ್ತು. ಈ ದಂಡಿಗಿ ಜಿಗದೆ, ಆ ದಂಡಿಗಿ ಎದ್ದೆ."

ಸಾಬಮ್ಮನ ಕೈಯ ರೊಟ್ಟಿ ಅರ್ಧಕ್ಕೇ ನಿಂತಿತು. "ಯಾವಾಗ್ರೀ?"

"ನಮ್ಮ ಲಗ್ನಕ್ಕ ಮೊದಲು" ಎಂದ ಗೊಲ್ಲಾಳಪ್ಪ. ಸಾಕ್ಷಿ ಸಿಗದ ಕಾಲವೆಂದರೆ ಅದೊಂದೇ.

ಆದರೆ ಸಾಕ್ಷಿ ಬಾಗಿಲಲ್ಲೇ ನಿಂತಿತ್ತು. ಸಾಹೇಬರು ಕರೆಯುತ್ತಿದ್ದಾರೆಂದು ಹೇಳಲು ಬಂದ ಕಚೇರಿಯ ಜವಾನ ಮೌಲಾಲಿ ಈ ಮಾತನ್ನು ಬಾಯಿ ತೆರೆದು ಕೇಳಿದ್ದ. ಮೌಲಾಲಿ ಸುಳ್ಳು ಹೇಳುವವನಲ್ಲ. ಕೇಳಿದ್ದನ್ನು ಸ್ವಲ್ಪ ಅಲಂಕರಿಸಿ ಹೇಳುವವನು. ಮನೆಯಿಂದ ಕಚೇರಿ ತಲುಪುವಷ್ಟರಲ್ಲಿ ಗೊಲ್ಲಾಳಪ್ಪ ಕರುವೊಂದನ್ನು ಹೆಗಲ ಮೇಲಿಟ್ಟುಕೊಂಡು ಭೀಮೆಯನ್ನು ದಾಟಿದ್ದ. ಸಾಹೇಬರ ಮೇಜು ಮುಟ್ಟುವಷ್ಟರಲ್ಲಿ ಕರುವಿನ ಹಿಂದೆ ಮೊಸಳೆಯೂ ಸೇರಿಕೊಂಡಿತ್ತು.

ಸಾಹೇಬರಿಗೆ ಇದು ದೇವರೇ ಕಳಿಸಿದ ಸುದ್ದಿ. ಕಚೇರಿಯಲ್ಲಿ ಈಜು ಬಲ್ಲವರು ಯಾರು, ಅವರನ್ನು ರಕ್ಷಣಾ ಮುಖ್ಯಸ್ಥರನ್ನಾಗಿ ಮಾಡಿ ಎಂದು ಮೇಲಿನಿಂದ ಪದೇ ಪದೇ ಕೇಳುತ್ತಿದ್ದರು. ಗೊಲ್ಲಾಳಪ್ಪ ಒಳಗೆ ಬಂದದ್ದೇ ಸಾಹೇಬರು ಎದ್ದು ಅವನ ಕೈ ಕುಲುಕಿದರು.

"ಸಾಹೇಬ್ರ, ಅದು ಹಂಗಲ್ರಿ. ನನಗ ಅಷ್ಟೇನೂ..."

"ಇದಕ್ಕಂತಾರ ವಿನಯ!" ಎಂದು ಸಾಹೇಬರು ಮೌಲಾಲಿಗೆ ತೋರಿಸಿದರು. "ಮೊಸಳಿ ಸುದ್ದಿನೇ ತೆಗೀವಲ್ಲ."

"ಮೊಸಳಿ ಇದ್ದಿದ್ದೇ ಇಲ್ರಿ!"

"ನಿನಗ ಅದು ಮೊಸಳಿ ಅನ್ನಸ್ಲೇ ಇಲ್ಲ. ಭಲೇ!"

ಗೊಲ್ಲಾಳಪ್ಪನ ಕೊರಳಿಗೆ ಅಂದೇ ಹಿತ್ತಾಳೆಯ ಸೀಟಿಯೊಂದು ಬಿತ್ತು. ಮೊದಲ ದಿನ ಅದು ಉರುಳಿನಂತೆ ಕಂಡಿತು. ಎರಡನೆಯ ದಿನ ಸಂತೆಯಲ್ಲಿ ಜನ ದಾರಿ ಬಿಟ್ಟರು. ಮೂರನೆಯ ದಿನದ ಹೊತ್ತಿಗೆ, ನಿಜವಾಗಿಯೂ ತಾನು ಭೀಮೆ ದಾಟಿರಬಹುದೇ, ಮರೆತಿರಬಹುದೇ ಎಂಬ ಸಂಶಯ ಅವನಿಗೇ ಬರತೊಡಗಿತ್ತು.

ಸೀಟಿಯ ಹಿಂದೆಯೇ ದೋಣಿ ಬಂತು. ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿಂದ ಲಾರಿ ಏರಿ, ಹುಣಸಿಗುಂಟಾ ತಲುಪಿದ ಆ ದೊಡ್ಡ ಕಟ್ಟಿಗೆಯ ದೋಣಿಗೆ ಊರ ಹೆಂಗಸರು ಆರತಿ ಎತ್ತಿದರು. ಅದರೊಂದಿಗೆ ಹುಟ್ಟುಗಳು ಬಂದಿರಲಿಲ್ಲ. ಹುಟ್ಟು ಕಳಿಸುವುದು ಬೇರೆ ಇಲಾಖೆಯ ಕೆಲಸವಂತೆ. ದೋಣಿಯನ್ನು ಕಚೇರಿಯ ಪಕ್ಕದಲ್ಲಿ ಇಳಿಸಿದರು. ಬಿಸಿಲಿಗೆ ಹಲಗೆ ಬಿರುಕು ಬಿಟ್ಟಾವೆಂದು ಸಾಹೇಬರಿಗೆ ಚಿಂತೆಯಾಗಿ ಗೌಂಡಿ ಮೆಹತಾಬನನ್ನು ಕರೆಸಿದರು.

"ಇದಕ್ಕೊಂದು ಮನಿ ಕಟ್ಟು. ಜಲ್ದಿ ಕಟ್ಟು."

ಮೆಹತಾಬ ಜಲ್ದಿ ಕಟ್ಟಿದ. ದೋಣಿಯನ್ನು ಅಲುಗಿಸುವುದು ಕಷ್ಟವೆಂದು ಅದರ ಸುತ್ತಲೇ ಶಹಾಬಾದಿ ಕಲ್ಲಿನ ಗೋಡೆ ಎಬ್ಬಿಸಿದ. ಆಳೆತ್ತರದ ದಪ್ಪ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ತಗಡು. ಒಬ್ಬ ಮನುಷ್ಯ ಆರಾಮಾಗಿ ಒಳಗೆ ಹೋಗುವಂಥ ಚೆಂದದ ಬಾಗಿಲು. ಸಾಹೇಬರು ಬಂದು ನೋಡಿ, ಹೊಗಳಿ, ದೋಣಿಯನ್ನು ಒಮ್ಮೆ ಹೊರಗೆ ತೆಗೆಯಿರಿ ಎಂದರು.

ಎಲ್ಲರೂ ಬಾಗಿಲನ್ನು ನೋಡಿದರು. ಆಮೇಲೆ ದೋಣಿಯನ್ನು ನೋಡಿದರು. ಇನ್ನೊಮ್ಮೆ ಬಾಗಿಲನ್ನು ನೋಡಿದರು.

"ಮೆಹತಾಬ, ಇದು ಹ್ಯಾಂಗ ಹೊರಗ ಬರ್ತದೋ?"

"ಮನಿ ಕಟ್ಟು ಅಂದ್ರಿ, ಕಟ್ಟೀನ್ರಿ. ಅದಕ್ಕ ಹೊರಗ ಬರೋ ಚಟ ಅದಂತ ನನಗ್ಯಾರು ಹೇಳ್ಯಾರ?"

ಗೋಡೆ ಒಡೆದರೆ ಸರಕಾರಿ ಆಸ್ತಿ ಹಾಳುಮಾಡಿದಂತೆ. ಒಡೆಯದಿದ್ದರೆ ದೋಣಿ ಒಳಗೆ. ಸಾಹೇಬರು ಬಹಳ ಹೊತ್ತು ಯೋಚಿಸಿ ತೀರ್ಮಾನ ಕೊಟ್ಟರು: "ಈಗೇನು ನೆರಿ ಬಂದಿಲ್ಲಲ್ಲ. ಬಂದಾಗ ನೋಡೋಣಂತ." ದೋಣಿ ಪೂರ್ಣ ಭದ್ರವಾಗಿದೆ ಎಂದು ಮೇಲಕ್ಕೆ ವರದಿ ಹೋಯಿತು. ಆ ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ವರದಿ ಓದಿ ಸಂತೋಷಪಟ್ಟ ಜಿಲ್ಲೆಯ ದೊಡ್ಡ ಸಾಹೇಬರು, ತಾವೇ ಬಂದು ನೆರೆಯ ತಾಲೀಮು ನೋಡುವುದಾಗಿ ಹೇಳಿ ಕಳಿಸಿದರು. ನಾಟಕಕ್ಕೆ ತಾಲೀಮು ಮಾಡುವುದಿಲ್ಲವೇ, ಹಾಗೆ. ಒಬ್ಬರು ಮುಳುಗಬೇಕು, ಗೊಲ್ಲಾಳಪ್ಪ ಜಿಗಿಯಬೇಕು, ಎತ್ತಿ ತರಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು.

ಗೊಲ್ಲಾಳಪ್ಪನಿಗೆ ಜ್ವರ ಬಂತು. ಜ್ವರ ಇಳಿಯುತ್ತಲೇ ಅವನು ಸೂಗಮ್ಮನ ಗುಡಿಸಲಿಗೆ ಹೋದ. ಸೂಗಮ್ಮ ಹೊಳೆಯಲ್ಲಿ ಮೀನು ಹಿಡಿದು ಬದುಕುವ ಮುದುಕಿ. ಮುಳುಗುವ ಪಾತ್ರಕ್ಕೆ ಅವಳನ್ನೇ ಗೊತ್ತುಮಾಡಿದ್ದರು.

"ಅವ್ವ, ನೀ ಸೊಂಟದಷ್ಟು ನೀರಾಗ ಮುಳುಗು. ಅದರ ಮುಂದ ಹೋಗಬ್ಯಾಡ."

"ಸೊಂಟದಷ್ಟು ನೀರಾಗ ಹ್ಯಾಂಗ ಮುಳುಗಲೋ ಯಪ್ಪಾ? ಕುಂತ್ರ ಮುಳುಗಬೇಕು."

"ಹಂಗಾದ್ರ ಕುಂದ್ರು."

ಮುದುಕಿ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಆತು, ಕುಂದರ್ತೀನಿ" ಎಂದಳು.

ತಾಲೀಮಿನ ದಿನ ಹುಣಸಿಗುಂಟಾದಲ್ಲಿ ಲಕಲಕ ಬಿಸಿಲು. ಮೋಡದ ತುಣುಕೂ ಇರಲಿಲ್ಲ. ಮೋಡಗಳೆಲ್ಲ ಹಿಂದಿನ ದಿನವೇ ಚಿಂಚೋಳಿ, ಸೇಡಂ ಕಡೆ ಹೋಗಿ ಧಾರಾಳವಾಗಿ ಸುರಿದಿದ್ದವು. ಮೇಲಿನ ಊರುಗಳಲ್ಲಿ ನೀರು ಏರಿದರೆ ತಿಳಿಯಲೆಂದೇ ಕಚೇರಿಗೆ ಟೆಲಿಫೋನ್ ಹಾಕಿಸಿದ್ದರು. ದೊಡ್ಡವರ ಭಾಷಣದ ನಡುವೆ ಅದು ಬಡಿದುಕೊಂಡರೆ ಮರ್ಯಾದೆಯಲ್ಲವೆಂದು ಮೌಲಾಲಿ ಅದರ ರಿಸೀವರನ್ನು ಬೆಳಿಗ್ಗೆಯೇ ಎತ್ತಿ ಪಕ್ಕಕ್ಕಿಟ್ಟಿದ್ದ.

ಹೊಳೆ ದಂಡೆಯಲ್ಲಿ ಕುರ್ಚಿ ಹಾಕಿದ್ದರು. "ಸುಸ್ವಾಗತ" ಎಂದು ಬರೆದ ಹಲಗೆ ನಿಲ್ಲಿಸಿದ್ದರು. ಊರಿನ ಜನ ಮಾತ್ರ ಕುರ್ಚಿಯ ಹತ್ತಿರ ಬರದೆ ಹಳ್ಳದಾಚೆಯ ದಿಬ್ಬದ ಮೇಲೆ ಕೂತರು. ಸಾಬಮ್ಮ, ವಾಡಿಯಿಂದ ಬೇಕೆಂದೇ ರಜೆ ಹಾಕಿ ಬಂದ ಚಂದ್ರಾಮಪ್ಪ, ಎಲ್ಲರೂ ಅಲ್ಲೇ ಇದ್ದರು.

ದೊಡ್ಡ ಸಾಹೇಬರು ಕೂತ ಸ್ವಲ್ಪ ಹೊತ್ತಿಗೆ ಅವರ ಬೂಟಿನ ಸುತ್ತ ನೀರು ಬಂತು. ಅವರು ಬಗ್ಗಿ ನೋಡಿದರು.

"ಏನ್ರೀ ರೇವಣಸಿದ್ದಯ್ಯ, ನೀರು ಏರ್ಲಿಕತ್ತದ?"

ರೇವಣಸಿದ್ದಯ್ಯನವರಿಗೂ ಅದು ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆಂದು ಹೇಳುವ ಅಭ್ಯಾಸವೂ ಅವರಿಗಿರಲಿಲ್ಲ. "ಹೌದ್ರಿ, ತಾಲೀಮಿನ ಸಲುವಾಗೇರಿ" ಎಂದುಬಿಟ್ಟರು.

"ಶಾಭಾಶ್! ನೀರಿನ ಇಂತಜಾಮನೂ ಮಾಡೀರಿ! ಬ್ಯಾರೆ ಕಡೆ ಎಲ್ಲಾ ಒಣ ನೆಲದಾಗ ತೋರಸ್ತಾರ."

ಸೂಗಮ್ಮ ಹೊಳೆಗಿಳಿದು, ಒಪ್ಪಂದದಂತೆ ಸೊಂಟದ ನೀರಿನಲ್ಲಿ ಕೂತಳು. ಎದ್ದಾಗ ನೀರು ಕೊರಳಿಗೆ ಬಂದಿತ್ತು. "ಏ ಉಳಸ್ರೋ! ನೀರು ಖರೇನೇ ಬರ್ಲಿಕತ್ತದ, ಓಡ್ರೋ!" ಎಂದು ಕೂಗಿದಳು.

"ಎಂಥಾ ಪಾತ್ರ!" ಎಂದು ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ದಿಬ್ಬದ ಮೇಲಿನವರೂ ತಟ್ಟಿದರು. ಎಲ್ಲರೂ ಈಗ ಗೊಲ್ಲಾಳಪ್ಪನ ಕಡೆ ತಿರುಗಿದರು. ಗೊಲ್ಲಾಳಪ್ಪ ಕಣ್ಣು ಮುಚ್ಚಿ ಜೋರಾಗಿ ಸೀಟಿ ಊದಿದ. ಕಣ್ಣು ತೆರೆದಾಗ ಸೂಗಮ್ಮ ಅಲ್ಲಿರಲಿಲ್ಲ. ಅವಳು ಪ್ರವಾಹದೊಂದಿಗೆ ಓರೆಯಾಗಿ ಈಜಿ, ಕೆಳಗಡೆ ದಿಬ್ಬದ ಬದಿಯಲ್ಲಿ ಎದ್ದು, ಸೀರೆ ಹಿಂಡುತ್ತ ಬಯ್ಯತೊಡಗಿದ್ದಳು.

"ಮುಳುಗು ಅಂದ್ರಿ, ಮುಳುಗಿದೆ! ಎತ್ತವ್ರು ಒಬ್ಬರೂ ಬರವಲ್ಲರು! ಇನ್ನ ಎಷ್ಟೊತ್ತಂತ ಮುಳುಗಲಿ?"

ಅಷ್ಟರಲ್ಲಿ ಕುರ್ಚಿಗಳು ತೇಲತೊಡಗಿದವು. ಹಿಂದಿನ ಹಳ್ಳಕ್ಕೆ ಹೊಳೆಯ ನೀರು ನುಗ್ಗಿ, ದಿಬ್ಬದ ದಾರಿ ಕಡಿದುಹೋಯಿತು. ಕೆಂಪು ನೀರು, ಮೇಲೆ ನೊರೆ, ನೊರೆಯ ಮೇಲೆ ಕಿತ್ತುಬಂದ ಜಾಲಿಯ ಕಂಟಿ. ರೇವಣಸಿದ್ದಯ್ಯನವರ ಮುಖ ಬಿಳಚಿತು.

"ಇದು ತಾಲೀಮಲ್ರಿ" ಎಂದರು.

"ಅಲ್ಲಾ?" ಎಂದರು ದೊಡ್ಡ ಸಾಹೇಬರು.

ಕಚೇರಿಯೊಳಗೆ ಆಗಲೇ ಮೊಣಕಾಲು ನೀರು. ನೆರೆಯಲ್ಲಿ ತೇಲುವಂಥ ವಸ್ತು ಆ ಆವರಣದಲ್ಲಿ ಒಂದೇ ಇತ್ತು. ಇಬ್ಬರು ಸಾಹೇಬರು, ಗೊಲ್ಲಾಳಪ್ಪ, ಸ್ವಾಗತದ ಹಲಗೆಯನ್ನು ಏಕೋ ಬಿಡದೆ ಹಿಡಿದಿದ್ದ ಮೌಲಾಲಿ, ನಾಲ್ವರೂ ಆ ಚೆಂದದ ಬಾಗಿಲಿನಿಂದ ಕಲ್ಲಿನ ಮನೆಯೊಳಗೆ ಹೋಗಿ ದೋಣಿ ಹತ್ತಿದರು. ಅವರ ಹಿಂದೆಯೇ ನೀರೂ ಬಂತು. ದೋಣಿ ಒಮ್ಮೆ ನರಳಿ, ನೆಲ ಬಿಟ್ಟು, ಗಂಭೀರವಾಗಿ ಮೇಲೇರತೊಡಗಿತು.

"ತೇಲ್ತು!" ಎಂದು ರೇವಣಸಿದ್ದಯ್ಯನವರು ಆ ಹೊತ್ತಿನಲ್ಲೂ ಹೆಮ್ಮೆಪಟ್ಟರು.

ಮೇಲಿನಿಂದ ತಗಡೂ ಅಷ್ಟೇ ಗಂಭೀರವಾಗಿ ಹತ್ತಿರವಾಗುತ್ತಿತ್ತು. ಬಾಗಿಲು ನೀರಿನಲ್ಲಿ ಮುಚ್ಚಿಹೋಯಿತು. ನಾಲ್ವರೂ ಮೊದಲು ತಲೆ ಬಗ್ಗಿಸಿದರು, ಆಮೇಲೆ ಬೆನ್ನು ಬಗ್ಗಿಸಿದರು.

"ಗೊಲ್ಲಾಳಪ್ಪ" ಎಂದರು ದೊಡ್ಡ ಸಾಹೇಬರು, "ನೀ ಭೀಮಾ ದಾಟಿದವ. ಬಾಗಲದಿಂದ ಮುಳುಗಿ ಹೊರಗ ಹೋಗಿ ಜನರನ್ನ ಕರಕೊಂಡು ಬಾ."

ಗೊಲ್ಲಾಳಪ್ಪನಿಗೆ ಅಳು ಬಂತು. "ಸಾಹೇಬ್ರ, ನನಗ ಈಸಾಕ ಬರಂಗಿಲ್ರಿ."

"ಇದು ವಿನಯದ ಹೊತ್ತೇನೋ!" ಎಂದು ರೇವಣಸಿದ್ದಯ್ಯ ಗದರಿದರು.

"ವಿನಯ ಅಲ್ರಿ, ಖರೇನೇ ಬರಂಗಿಲ್ಲ. ಷಡ್ಡಕನ ಮುಂದ ಮರ್ಯಾದಿ ಉಳಿಬೇಕಂತ ಹೇಳಿದ್ದೆ. ಮೊಸಳಿ ನಂದಲ್ರಿ, ಮೌಲಾಲಿದು. ನಿಮಗರ ಬರ್ತದೇನ್ರಿ?"

ರೇವಣಸಿದ್ದಯ್ಯ ದೊಡ್ಡ ಸಾಹೇಬರನ್ನು ನೋಡಿದರು. ದೊಡ್ಡ ಸಾಹೇಬರು ತಗಡನ್ನು ನೋಡಿದರು. ಮೌಲಾಲಿ ತನ್ನನ್ನು ಯಾರೂ ಕೇಳದಿರಲೆಂದು ಹಲಗೆಯ ಮರೆಗೆ ಸರಿದ. ನೆರೆಯಿಂದ ಜನರನ್ನು ಉಳಿಸಲು ನೇಮಕವಾದ ಆ ನಾಲ್ವರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ ಎಂಬ ಸಂಗತಿ ಆ ಕತ್ತಲ ಮನೆಯಲ್ಲಿ, ಯಾವ ವಿಚಾರಣೆಯೂ ಇಲ್ಲದೆ, ತಾನಾಗಿಯೇ ಬಯಲಾಯಿತು.

ಗೋಡೆಗೂ ತಗಡಿಗೂ ನಡುವೆ ಒಂದು ಸಂದಿಯಿತ್ತು. ಗೊಲ್ಲಾಳಪ್ಪ ತೆವಳಿ ಅಲ್ಲಿಗೆ ಬಾಯಿ ಹಚ್ಚಿ ಸೀಟಿ ಊದಿದ. ನೀರೂ ತಾಲೀಮಿನದೇ ಏರ್ಪಾಡೆಂದು ನಂಬಿದ್ದ ದಿಬ್ಬದ ಜನರಿಂದ ಚಪ್ಪಾಳೆ ಕೇಳಿಸಿತು.

"ತಗಡಿನೊಳಗ ಹೊಕ್ಕು ತೋರ್ಸಾಕತ್ತಾನ! ಇಂಥಾ ತಾಲೀಮು ನಾ ವಾಡಿಯಾಗೂ ನೋಡಿಲ್ಲ" ಎನ್ನುತ್ತಿದ್ದ ಚಂದ್ರಾಮಪ್ಪ, ಮೊದಲ ಬಾರಿ ಷಡ್ಡಕನ ಮೇಲೆ ಅಭಿಮಾನ ಹುಟ್ಟಿ.

ಗೊಲ್ಲಾಳಪ್ಪ ಸೀಟಿ ಬಿಟ್ಟ. "ಸಾಬಮ್ಮಾ! ನಾ ಮುಳಗಾಕತ್ತೀನಿ! ಖರೇನೇ ಸಾಬಮ್ಮಾ!"

"ಹಾಂ, ಹಾಂ! ಭಾಳ ಚಲೋ!" ಎಂದು ಜನ ಇನ್ನಷ್ಟು ತಟ್ಟಿದರು.

ಸಾಬಮ್ಮ ತಟ್ಟಲಿಲ್ಲ. ಆ ದನಿ ಅವಳಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಚೇಳು ಬಂದಾಗ, ಹಲ್ಲು ಕೀಳಿಸಿದಾಗ ಬರುವ ದನಿ ಅದು. ಎದ್ದು ನಿಂತು, "ಏ, ಇದು ಆಟಲ್ಲ, ಓಡ್ರಿ!" ಎಂದಳು. ಹೆಂಡತಿಗೂ ಪಾತ್ರ ಕೊಟ್ಟಾರೆ ಎಂದುಕೊಂಡು ಜನ ಅವಳಿಗೂ ಚಪ್ಪಾಳೆ ತಟ್ಟಿದರು. ಅವಳು ಪಕ್ಕದವರ ತೋಳು ಹಿಡಿದು ಜಗ್ಗಿದಳು, ಅತ್ತಳು. ಅದಕ್ಕೂ ತಟ್ಟಿದರು.

ಆಗ ಸಾಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ಮನೆಯ ಕಡೆ ತಿರುಗಿ, ಹೊಳೆಯ ಸದ್ದನ್ನೂ ಮೀರಿ ಕಿರುಚಿದಳು:

"ಗೊಲ್ಲಾಳಪ್ಪಾ...! ಏ ಗೊಲ್ಲಾಳಪ್ಪಾ...!"

ತಟ್ಟುತ್ತಿದ್ದ ಕೈಗಳೆಲ್ಲ ಅಲ್ಲಲ್ಲೇ ನಿಂತವು.

ಲಗ್ನದ ದಿನ ಒಗಟು ಕಟ್ಟಿ ಹೇಳೆಂದು ಹತ್ತು ಮಂದಿ ಬಾಗಿಲಿಗೆ ಅಡ್ಡ ನಿಂತಾಗಲೂ ಸಾಬಮ್ಮ ಗಂಡನ ಹೆಸರನ್ನು ಸೆರಗಿನೊಳಗೆ ಗೊಣಗಿ ಪಾರಾದವಳು. ಮತದಾರರ ಪಟ್ಟಿಯವರು ಬಂದಾಗಲೂ ಮಗ್ಗುಲ ಮನೆಯ ಆಶಾಬಿಯಿಂದ ಹೇಳಿಸಿದವಳು. ಅಂಥವಳು ಊರೆಲ್ಲ ಕೇಳುವಂತೆ ಗಂಡನನ್ನು ಹೆಸರು ಹಿಡಿದು, ಅದೂ ಏಕವಚನದಲ್ಲಿ, ಕರೆದಿದ್ದಳು. ಯಾವ ಸರಕಾರಿ ತಾಲೀಮೂ ಅವಳಿಂದ ಇದನ್ನು ಮಾಡಿಸಲಾರದು.

"ಅಯ್ಯೋ, ಖರೇನೇ ಅದ!" ಎಂದ ಚಂದ್ರಾಮಪ್ಪ. ಅವನ ಟೋಪಿ ಬಿದ್ದುಹೋಯಿತು.

ಜನ ಎದ್ದರು. ಹಗ್ಗ ಬಂತು. ಸೂಗಮ್ಮ ತನ್ನ ಗುಡಿಸಲಿನಿಂದ ಒಣಗಿದ ಸೋರೆ ಬುರುಡೆಗಳನ್ನು ತಂದು ಮೆಹತಾಬನ ಸೊಂಟಕ್ಕೆ ಕಟ್ಟಿದಳು, ತಾನೂ ಕಟ್ಟಿಕೊಂಡಳು. ಹಗ್ಗದ ಒಂದು ತುದಿಯನ್ನು ಹುಣಸೆಮರಕ್ಕೆ ಬಿಗಿದು, ಇನ್ನೊಂದನ್ನು ಹಿಡಿದು ಇಬ್ಬರೂ ಹಳ್ಳಕ್ಕೆ ಬಿದ್ದರು. ದಿಬ್ಬದ ಮೇಲೆ ಸಾಬಮ್ಮ ಹಗ್ಗವನ್ನು ಸಡಿಲ ಬಿಡುತ್ತ, ಇಷ್ಟು ವರ್ಷ ಉಳಿಸಿಟ್ಟ ಆ ಹೆಸರನ್ನು ಒಂದೇ ಸಮನೆ ಖರ್ಚುಮಾಡುತ್ತಿದ್ದಳು.

ಮೆಹತಾಬ ಗೋಡೆ ಏರಿ ತಗಡುಗಳನ್ನು ಒಂದೊಂದಾಗಿ ಎತ್ತಿ ಹೊಳೆಗೆ ಎಸೆದ. ಕೆಳಗೆ ನಾಲ್ಕು ಮುಖಗಳು ಬೆಳಕಿಗೆ ಕಣ್ಣು ಕಿರಿದುಮಾಡಿದವು. ಅಡ್ಡ ತೊಲೆಯನ್ನು ಅವನು ಹೆಗಲು ಕೊಟ್ಟು ಎತ್ತಿದ. ಅದು ಸಲೀಸಾಗಿ ಎದ್ದು ಬಂತು.

"ತೊಲಿಗಿ ಮೊಳಿ ಹೊಡದೀಯೇನಂತ ದಿನಾ ಕೇಳ್ತಿದ್ರಲ್ಲ ಸಾಹೇಬ್ರ" ಎಂದ ಏದುಸಿರು ಬಿಡುತ್ತ. "ಹೊಡದಿಲ್ರಿ. ಹೊಡದೀನಂತ ಸುಳ್ಳು ಹೇಳಿದ್ದೆ."

"ಭಾಳ ಉಪಕಾರ ಆತಪ್ಪ!" ಎಂದರು ರೇವಣಸಿದ್ದಯ್ಯ ಕೈಮುಗಿದು.

ನೀರು ಗೋಡೆಯ ತುದಿ ದಾಟಿದಾಗ, ಯಾವ ಬಾಗಿಲಿನಿಂದಲೂ ಬರದ ದೋಣಿ ಗೋಡೆಯ ಮೇಲಿಂದ ಹಗುರವಾಗಿ ಜಾರಿ ಹೊರಗೆ ಬಂತು. ಹುಟ್ಟು ಇರಲಿಲ್ಲ. ಗೊಲ್ಲಾಳಪ್ಪ ಮೌಲಾಲಿಯ ಕೈಯಿಂದ "ಸುಸ್ವಾಗತ" ಕಸಿದು, ಕಣ್ಣು ಮುಚ್ಚದೆ, ಆ ಕೆಂಪು ನೀರನ್ನು ಎರಡೂ ಬದಿಗೆ ಬಡಿದು ಬಡಿದು ದೋಣಿಯ ಮೂತಿಯನ್ನು ದಿಬ್ಬಕ್ಕೆ ತಿರುಗಿಸಿದ. ಸೂಗಮ್ಮ ಹಗ್ಗ ಕಟ್ಟಿದಳು. ಇಡೀ ಊರು ಜಗ್ಗಿತು.

ದಂಡೆಗೆ ಬಿದ್ದ ಗೊಲ್ಲಾಳಪ್ಪನನ್ನು ಸಾಬಮ್ಮ ಮೊದಲು ಬಯ್ದಳು, ಆಮೇಲೆ ತಲೆ ಒರೆಸಿದಳು, ಆಮೇಲೆ ಮತ್ತೆ ಬಯ್ದಳು. ಚಂದ್ರಾಮಪ್ಪ ಹತ್ತಿರ ಬಂದು ಕೆಮ್ಮಿದ.

"ಅಣ್ಣ, ನಾ ಭೀಮಾ ದಾಟಿಲ್ಲ" ಎಂದ ಗೊಲ್ಲಾಳಪ್ಪ.

"ಇರ್ಲಿ ಬಿಡು" ಎಂದ ಚಂದ್ರಾಮಪ್ಪ ಮೆಲ್ಲಗೆ. "ಮದ್ರಾಸ್ ಮೇಲ್ ನನ್ನ ಮಾರಿ ನೋಡಂಗಿಲ್ಲ. ಸಿಗ್ನಲ್ ನೋಡ್ತದ."

ಯಾರಿಗೂ ಏನೂ ಆಗಲಿಲ್ಲ. ಕಚೇರಿಯ ಕುರ್ಚಿ ಮೇಜುಗಳು ಕಾಗಿಣಾ ಹಿಡಿದು ಭೀಮೆಗೆ ಹೋದವು. ದೊಡ್ಡ ಸಾಹೇಬರು ಒದ್ದೆ ಬಟ್ಟೆಯಲ್ಲೇ ಸೂಗಮ್ಮನ ಗುಡಿಸಲ ಮುಂದೆ ಕೂತು ಬಿಸಿ ಬಿಸಿ ಅಂಬಲಿ ಕುಡಿದರು. ಸ್ವಲ್ಪ ದಿನಕ್ಕೆ ಮೇಲಿನಿಂದ ಪತ್ರ ಬಂತು. ತಾಲೀಮು ಅತ್ಯಂತ ಸ್ವಾಭಾವಿಕವಾಗಿ ಮೂಡಿಬಂದುದಕ್ಕೆ ಅಭಿನಂದನೆ, ಕಚೇರಿಯನ್ನು ಅದೇ ಜಾಗದಲ್ಲಿ ಇನ್ನೂ ದೊಡ್ಡದಾಗಿ ಕಟ್ಟಲು ಮಂಜೂರಾತಿ. ರೇವಣಸಿದ್ದಯ್ಯನವರು ಅದನ್ನು ಎರಡು ಸಲ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಯಾರನ್ನೂ ಕೇಳದೆ, ದಿಬ್ಬದ ಮೇಲಿನ ಬೇವಿನಮರದ ಕೆಳಗೆ ಒಂದು ಮೇಜು ಹಾಕಿಸಿ ಅಲ್ಲಿಂದಲೇ ಕಚೇರಿ ನಡೆಸತೊಡಗಿದರು.

ಹೊಳೆ ಇಳಿದು ನೀರು ತಿಳಿಯಾದ ಒಂದು ಬೆಳಿಗ್ಗೆ, ಗೊಲ್ಲಾಳಪ್ಪ ಸೂಗಮ್ಮನ ಮುಂದೆ ಹೋಗಿ ಅಂಗಿ ಬಿಚ್ಚಿ ನಿಂತ. ಅವಳು ಅವನ ಸೊಂಟಕ್ಕೆ ಬುರುಡೆ ಕಟ್ಟಿ ನೀರಿಗೆ ನೂಕಿದಳು. ಅವನು ಮುಳುಗಿದ, ಎದ್ದ, ಕೆಮ್ಮಿದ, ದೇವರನ್ನು ಕರೆದ. ಕಾಲು ಬಡಿದ. ಕಾಲ ಕೆಳಗೆ ನೆಲ ಇರಲಿಲ್ಲ, ಆದರೂ ಅವನು ಮೇಲೆಯೇ ಇದ್ದ! ಅವನು ಹಾಕಿದ ಕೇಕೆಗೆ ಆಚೆ ದಂಡೆಯ ಕೊಕ್ಕರೆಗಳು ಹಾರಿದವು. ಬಟ್ಟೆ ಒಗೆಯಲು ಬಂದಿದ್ದ ಸಾಬಮ್ಮ ಸ್ವಲ್ಪ ಹೊತ್ತು ನೋಡಿ, ಒಗೆಯುವುದನ್ನು ಬಿಟ್ಟು, "ಅವ್ವಾ, ನನಗೂ ಎರಡು ಬುರುಡಿ ಕಟ್ಟು" ಎಂದಳು. ಅವಳ ಹಿಂದೆ ಮೌಲಾಲಿ ಬಂದ. ಮರುದಿನ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಪಂಚೆ ಬಿಗಿದುಟ್ಟ ರೇವಣಸಿದ್ದಯ್ಯನವರೂ ಬಂದರು.

"ನೀರು ಥಂಡಿ ಅದೇನೋ ಗೊಲ್ಲಾಳಪ್ಪ?"

"ಇಳೀರಿ ಸಾಹೇಬ್ರ, ತಾನೇ ಗೊತ್ತಾಗ್ತದ!"

ಸಾಹೇಬರು ಇಳಿದರು. ಎದೆ ಮಟ್ಟಕ್ಕೆ ನೀರು ಬರುತ್ತಲೇ ಗಾಬರಿಯಾಗಿ, "ಏ ಗೊಲ್ಲಾಳಪ್ಪ ಹಿಡೀ! ಮೌಲಾಲಿ, ಈ ಕಡೆ ಬಾ! ಯಾರಾದ್ರೂ ಹಗ್ಗ ತರ್ರಿ!" ಎಂದು ಒಂದರ ಮೇಲೊಂದು ಆಜ್ಞೆ ಹೊರಡಿಸತೊಡಗಿದರು. ದಂಡೆಯ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದ ಸೂಗಮ್ಮ ಅಲ್ಲಿಂದಲೇ ಗದರಿದಳು:

"ಬಾಯಿ ಮುಚ್ಚರಿ ಸಾಹೇಬ್ರ! ನೀರಾಗ ನಿಮ್ಮ ಹುಕುಂ ನಡೆಂಗಿಲ್ಲ. ಕಾಲು ಬಡೀರಿ, ಕಾಲು!"